ಹಸು ಈಯುವ ಹೊತ್ತು: ಎರಡು ಮೂರು ರಾಸಿನ ಮನೆಯವರಿಗೆ ಒಂದು ಕೈಪಿಡಿ

ಎರಡು ಮೂರು ಮಿಶ್ರತಳಿ ಹಸುಗಳನ್ನು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುವ ಮನೆಯಲ್ಲಿ ಮುಂದಿನ ಹತ್ತು ತಿಂಗಳ ಹಾಲಿನ ಲೆಕ್ಕ ಹಸು ಈಯುವ ಒಂದು ದಿನದ ಆಚೀಚೆ ತೀರ್ಮಾನವಾಗುತ್ತದೆ. ಆ ದಿನ ಕರು ಸತ್ತರೆ, ಸತ್ತೆ (ಕರುವಿನ ಹಿಂದೆ ಬೀಳುವ ಮಾಸು) ಒಳಗೇ ಕೊಳೆತರೆ, ಕೆಚ್ಚಲು ಕಲ್ಲಾದರೆ ಅಥವಾ ಹಸು ನೆಲ ಹಿಡಿದರೆ ಆ ನಷ್ಟವನ್ನು ತುಂಬಿಕೊಡುವ ಎರಡನೆಯ ಆದಾಯ ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಲವು ಸೂಲುಗಳನ್ನು ಕೊಟ್ಟಿಗೆಯಲ್ಲಿ ಕುಳಿತು ನೋಡಿದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ನಮ್ಮ ಕೈತಪ್ಪಿ ಹೋದ ಕರುಗಳು ಔಷಧಿ ಸಿಗದೆ ಸತ್ತದ್ದು ಕಡಿಮೆ, ಬೇನೆ ಎಷ್ಟು ಹೊತ್ತಿಗೆ ಶುರುವಾಯಿತೆಂದು ಯಾರೂ ಗುರುತಿಟ್ಟುಕೊಳ್ಳದೆ ಸತ್ತದ್ದೇ ಹೆಚ್ಚು. ಆದ್ದರಿಂದ ಈ ಬರಹದಲ್ಲಿ ಮದ್ದಿಗಿಂತ ಗಡಿಯಾರದ ಮಾತೇ ಹೆಚ್ಚಾಗಿ ಬರುತ್ತದೆ.

ದಿನ ಎಣಿಸುವುದು

ಕೃತಕ ಗರ್ಭಧಾರಣೆ ಮಾಡಿಸಿದ ದಿನ ಕೊಡುವ ಚೀಟಿಯನ್ನು ನಾವು ಸಾಮಾನ್ಯವಾಗಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮುಂದಿನ ಒಗೆತದಲ್ಲಿ ಕಳೆದುಕೊಳ್ಳುತ್ತೇವೆ. ಅದರ ಬದಲು ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ, ಆ ಹಸು ಕಟ್ಟುವ ಗೂಟದ ನೇರಕ್ಕೆ, ಇದ್ದಿಲಿನಲ್ಲಿಯಾದರೂ ಬರೆದಿಡಬೇಕು. ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಜನವರಿ 1ರಂದು ಗರ್ಭಧಾರಣೆಯಾದ ಹಸು ಅಕ್ಟೋಬರ್ 8ರ ಸುಮಾರಿಗೆ ಈಯುತ್ತದೆ. ಅದೇ ದಿನ ಗಬ್ಬ ಕಟ್ಟಿದ ಎಮ್ಮೆ ನವೆಂಬರ್ 7ರ ಸುಮಾರಿಗೆ. ಒಂದು ವಾರ ಹಿಂದೆ ಮುಂದೆ ಆಗುವುದು ಸಹಜ. ಆದರೆ ತಿಂಗಳುಗಳನ್ನು ಬೆರಳಲ್ಲಿ ಎಣಿಸಿ ‘ಇನ್ನೂ ಎರಡು ವಾರ ಇದೆ’ ಎಂದು ನೆಂಟರ ಮದುವೆಗೆ ಹೊರಟುಬಿಟ್ಟರೆ, ಹಿಂತಿರುಗುವಷ್ಟರಲ್ಲಿ ಕರುವೋ ಅದರ ಹೆಣವೋ ಗೊಂತಿನ ಕೆಳಗೆ ಬಿದ್ದಿರುತ್ತದೆ.

ಮಿಶ್ರತಳಿ ಹಸುಗಳಿಗೆ ಈಯುವ ಕಾಲವೆಂದು ಬೇರೆ ಇಲ್ಲ, ಅವು ವರ್ಷದ ಯಾವ ತಿಂಗಳಿನಲ್ಲಾದರೂ ಕರು ಹಾಕುತ್ತವೆ. ಎಮ್ಮೆಗಳು ಮಾತ್ರ ಹೆಚ್ಚಾಗಿ ಮಳೆಗಾಲದಿಂದ ಚಳಿಗಾಲದ ಮೊದಲವರೆಗಿನ ತಿಂಗಳುಗಳಲ್ಲಿ ಈಯುತ್ತವೆ. ಮಲೆನಾಡು ಗಿಡ್ಡದಂತಹ ನಾಟಿ ಹಸುಗಳು ಬೆಟ್ಟದಲ್ಲೋ ಬ್ಯಾಣದಲ್ಲೋ (ಹುಲ್ಲುಗಾವಲಿನಲ್ಲೋ) ತಮ್ಮಷ್ಟಕ್ಕೆ ಈದು ಸಂಜೆ ಕರುವಿನೊಡನೆ ಮನೆಗೆ ಬರುವುದುಂಟು, ಅವುಗಳ ಕರುವೂ ಚಿಕ್ಕದು, ತೊಂದರೆಯೂ ಕಡಿಮೆ. ಇಲ್ಲಿ ಹೇಳುವ ಕಾಳಜಿಯೆಲ್ಲ ಮುಖ್ಯವಾಗಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜರ್ಸಿ ಮಿಶ್ರತಳಿಯ ಹಸುಗಳಿಗೆ, ಅದರಲ್ಲೂ ಚೊಚ್ಚಲು ಕಡಸುಗಳಿಗೆ. ಚಿಕ್ಕ ಮೈಯ ಕಡಸಿಗೆ ದೊಡ್ಡ ಎಚ್‌ಎಫ್ ಹೋರಿಯ ವೀರ್ಯ ಕೊಡಿಸಿ ಒಂಬತ್ತು ತಿಂಗಳ ಬಳಿಕ ಕಷ್ಟದ ಹೆರಿಗೆಯೆಂದು ಪೇಚಾಡುವುದಕ್ಕಿಂತ, ಮೊದಲ ಸೂಲಿಗೆ ಜರ್ಸಿಯದ್ದೇ ಸಾಕೆಂದು ಗರ್ಭಧಾರಣೆಯ ದಿನವೇ ಕೇಳಿಕೊಳ್ಳುವುದು ಲೇಸು.

ಬತ್ತಿಸುವ ಎರಡು ತಿಂಗಳು

ಈಯುವ ದಿನಕ್ಕೆ 60 ದಿನ ಮುಂಚೆ ಹಾಲು ಬತ್ತಿಸಬೇಕು. ಮೇಲಿನ ಲೆಕ್ಕದ ಹಸುವನ್ನು ಆಗಸ್ಟ್ 9ರ ಹೊತ್ತಿಗೆ ಹಿಂಡುವುದು ನಿಲ್ಲಿಸಬೇಕೆಂದಾಯಿತು. ಆಗಲೂ ದಿನಕ್ಕೆ ನಾಲ್ಕೈದು ಲೀಟರ್ ಕೊಡುತ್ತಿರುವ ಹಸುವನ್ನು ಬತ್ತಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಏಕೆಂದರೆ ಆ ಹಾಲಿನ ದುಡ್ಡು ಈ ವಾರವೇ ಕಾಣುತ್ತದೆ, ಬತ್ತಿಸಿದ್ದರ ಲಾಭ ಕಾಣುವುದು ಮುಂದಿನ ಸೂಲಿನಲ್ಲಿ. ಆದರೆ ಕೆಚ್ಚಲಿನೊಳಗಿನ ಹಾಲು ಸುರಿಸುವ ಅಂಗಾಂಶ ಹೊಸದಾಗಿ ಕಟ್ಟಿಕೊಳ್ಳುವುದೂ, ಹೊಟ್ಟೆಯ ಕರು ಬಹುಪಾಲು ತೂಕ ಗಳಿಸುವುದೂ ಇದೇ ಎರಡು ತಿಂಗಳಲ್ಲಿ. ಹಿಂಡಿ ಮತ್ತು ಹಸಿಹುಲ್ಲನ್ನು ಕೆಲವು ದಿನ ಕಡಿಮೆ ಮಾಡಿ, ಒಣ ರಾಗಿ ಹುಲ್ಲನ್ನೋ ಜೋಳದ ಸೊಪ್ಪೆಯನ್ನೋ ಹೆಚ್ಚಿಸಿದರೆ ಹಾಲು ತಾನಾಗಿ ಇಳಿಯುತ್ತದೆ. ಕಡೆಯ ಬಾರಿ ಪೂರ್ತಿ ಹಿಂಡಿದ ಮೇಲೆ ನಾಲ್ಕು ತೊಟ್ಟುಗಳಿಗೂ ಬತ್ತಿಸುವಾಗ ಬಿಡುವ ಔಷಧಿಯ ಟ್ಯೂಬನ್ನು ಪಶುವೈದ್ಯರಿಂದ ಹಾಕಿಸಿದರೆ ಮುಂದೆ ಕೆಚ್ಚಲು ಬಾವಿನ ಭಯ ತಗ್ಗುತ್ತದೆ.

ಬತ್ತಿದ ಮೇಲೆ ಮತ್ತೆ ಮೇವು ಸುಧಾರಿಸಬೇಕು. ಹಸುವಿನ ಮೈಕಟ್ಟು ನೋಡಿಕೊಂಡು ದಿನಕ್ಕೆ 1ರಿಂದ 2 ಕಿಲೋ ಪಶು ಆಹಾರ, ಜೊತೆಗೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಸಾಕಾಗುತ್ತದೆ. ಇಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಒಂದು, ಹಾಲು ಕೊಡದ ಹಸುವಿಗೆ ಹಿಂಡಿ ಏಕೆ ದಂಡ ಎಂದು ಬರೀ ಭತ್ತದ ಹುಲ್ಲಿನ ಮೇಲೆ ಬಿಡುವುದು. ಇನ್ನೊಂದು, ಅಕ್ಕರೆಯಿಂದ ಅತಿಯಾಗಿ ತಿನ್ನಿಸಿ ಕೊಬ್ಬಿಸುವುದು. ಕೊಬ್ಬಿದ ಹಸು ಈಯಲೂ ತಿಣುಕುತ್ತದೆ, ಈದ ಮೇಲೆ ಮೇವನ್ನೂ ಬಿಡುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದು ಈಚೆಗೆ ಸೇರಿಕೊಂಡಿದೆ. ಗಬ್ಬದ ಹಸುವಿಗೆ ಒಳ್ಳೆಯದಾಗಲಿ ಎಂದು ಕಡೆಯ ಎರಡು ಮೂರು ವಾರ ಕ್ಯಾಲ್ಸಿಯಂ ಬಾಟಲಿಗಳನ್ನು ಕುಡಿಸುವುದು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ರಾಶಿ ಹಾಕುವುದು. ಹೊರಗಿನಿಂದ ಕ್ಯಾಲ್ಸಿಯಂ ಧಾರಾಳವಾಗಿ ಬರುತ್ತಿದ್ದರೆ ಮೂಳೆಯಿಂದ ಅದನ್ನು ತೆಗೆದು ರಕ್ತಕ್ಕೆ ಸೇರಿಸುವ ದೇಹದ ಏರ್ಪಾಡು ಸೋಮಾರಿಯಾಗುತ್ತದೆ. ಈದ ದಿನ ಗಿಣ್ಣಿನೊಡನೆ ಕ್ಯಾಲ್ಸಿಯಂ ಒಮ್ಮೆಗೇ ಹರಿದುಹೋದಾಗ ಆ ಏರ್ಪಾಡು ಏಳುವಷ್ಟರಲ್ಲಿ ಹಸು ಬಿದ್ದಿರುತ್ತದೆ. ಕ್ಯಾಲ್ಸಿಯಂ ಕೊಡಬೇಕಾದ್ದು ಈದ ಮೇಲೆ.

ಜಾಗ ಮತ್ತು ಸಾಮಾನು

ದಿನ ಹತ್ತಿರ ಬಂದಾಗ ಹಸುವನ್ನು ಬೇರೆ ರಾಸುಗಳ ಸಾಲಿನಿಂದ ಬಿಡಿಸಿ, ಸುಮಾರು 10 ಅಡಿ ಅಗಲ 12 ಅಡಿ ಉದ್ದದ ಒಣ ಜಾಗದಲ್ಲಿ ಸಡಿಲವಾಗಿ ಬಿಡಬೇಕು. ನಮ್ಮ ಹಳೆಯ ಕೊಟ್ಟಿಗೆಗಳ ಕಲ್ಲು ಚಪ್ಪಡಿಯಾಗಲಿ ಹೊಸ ಕೊಟ್ಟಿಗೆಗಳ ಸಿಮೆಂಟ್ ನೆಲವಾಗಲಿ ಗಂಜಲ ಬಿದ್ದಾಗ ಜಾರುತ್ತದೆ, ತುಂಬು ಗಬ್ಬದ ಹಸು ಕಾಲು ಜಾರಿ ಸೊಂಟ ಮುರಿದುಕೊಂಡರೆ ಅದಕ್ಕೆ ಮದ್ದಿಲ್ಲ. ಮರಳನ್ನೋ ಮಣ್ಣನ್ನೋ ಹರಡಿ ಅದರ ಮೇಲೆ ಒಂದಡಿ ಒಣ ಹುಲ್ಲು ಹಾಸಿದರೆ ಸಾಕು. ಮಳೆಗಾಲದಲ್ಲಿ ಈ ಹಾಸು ದಿನವೂ ಬದಲಾಗಬೇಕು. ತೇವದ ಹಾಸಿನಲ್ಲಿ ಮಲಗಿದ ತೊಟ್ಟಿಗೂ ಹುಟ್ಟಿದ ಕರುವಿನ ಹೊಕ್ಕುಳಿಗೂ ಒಂದೇ ಕೊಳೆ ತಗಲುತ್ತದೆ. ಹಸುವಿನ ಹಿಂಭಾಗ ಗೋಡೆಗೆ ಒತ್ತದಂತೆಯೂ, ರಾತ್ರಿ ನಾಯಿ ನುಗ್ಗದಂತೆಯೂ ನೋಡಿಕೊಳ್ಳಬೇಕು.

ಒಂದು ಬಕೆಟ್ಟಿನಲ್ಲಿ ಸಾಬೂನು, ಟಿಂಚರ್ ಅಯೋಡಿನ್, ಹೊಸ ಬ್ಲೇಡು, ಗಟ್ಟಿ ದಾರ, ಕುದಿಸಿ ಒಣಗಿಸಿದ ಎರಡು ಹತ್ತಿ ಹಗ್ಗ, ಒಗೆದ ಗೋಣಿಚೀಲ, ಜ್ವರ ನೋಡುವ ಥರ್ಮಾಮೀಟರ್, ಭುಜದವರೆಗೆ ಬರುವ ಕೈಗವಸು, ಲಿಕ್ವಿಡ್ ಪ್ಯಾರಾಫಿನ್ ಮತ್ತು ಚಾರ್ಜ್ ಇರುವ ಬ್ಯಾಟರಿ ದೀಪವನ್ನು ಮೊದಲೇ ಜೋಡಿಸಿಡಿ. ಊರಿನ ಪಶುವೈದ್ಯರ ಫೋನ್ ಸಂಖ್ಯೆ ಮನೆಯ ಎಲ್ಲರಿಗೂ ತಿಳಿದಿರಲಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು, ಆದರೆ ಆ ವಾಹನ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಹೊತ್ತಿನವರೆಗೆ ಓಡಾಡುತ್ತದೆ, ರಾತ್ರಿ ಬರುತ್ತದೆಯೇ ಎಂಬುದನ್ನು ಹಗಲಿನಲ್ಲೇ ವಿಚಾರಿಸಿಕೊಂಡಿರಬೇಕು.

ಬೇನೆಯ ಗುರುತುಗಳು

ಎರಡು ಮೂರು ವಾರ ಮುಂಚಿನಿಂದಲೇ ಕೆಚ್ಚಲು ಕಟ್ಟುತ್ತಾ ಬರುತ್ತದೆ, ಕಡಸಿನಲ್ಲಿ ಇನ್ನೂ ಮುಂಚೆ. ಕೆಚ್ಚಲನ್ನೊಂದೇ ನಂಬಿ ರಾತ್ರಿಗಳನ್ನು ಎಚ್ಚರವಿದ್ದು ಕಳೆಯುವುದು ದಂಡ. ಹೆಚ್ಚು ನಂಬಬಹುದಾದ ಗುರುತು ಬಾಲದ ಬುಡದಲ್ಲಿದೆ. ಬಾಲದ ಎರಡೂ ಕಡೆ ಹಗ್ಗದಂತೆ ಬಿಗಿಯಾಗಿರುವ ಕಟ್ಟುಗಳು ಈಯುವ ಒಂದೆರಡು ದಿನ ಮುಂಚೆ ಸಡಿಲಗೊಂಡು ಅಲ್ಲಿ ಗುಳಿ ಬೀಳುತ್ತದೆ. ದಿನವೂ ಸಂಜೆ ಹಸುವನ್ನು ನೀವುವ ನೆಪದಲ್ಲಿ ಅಲ್ಲಿ ಕೈಯಾಡಿಸುವ ಅಭ್ಯಾಸವಿದ್ದರೆ ಈ ಬದಲಾವಣೆ ಬೆರಳಿಗೇ ತಿಳಿಯುತ್ತದೆ. ತೊಟ್ಟುಗಳು ಮೇಣ ಹಚ್ಚಿದಂತೆ ಬಿಗಿದುಕೊಳ್ಳುವುದು, ಯೋನಿ ಊದಿ ನೆರಿಗೆ ಬಿಡುವುದು, ದಾರದಂತೆ ಲೋಳೆ ಇಳಿಬೀಳುವುದು, ಹಿಂದಿನ ದಿನ ಮೈ ಬಿಸಿ ಒಂದು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಇಳಿಯುವುದು ಇವೂ ಸೇರಿದರೆ ಆ ರಾತ್ರಿ ಮನೆಯವರಲ್ಲಿ ಒಬ್ಬರು ಕೊಟ್ಟಿಗೆಯ ಹತ್ತಿರ ಮಲಗುವುದು ಒಳ್ಳೆಯದು.

ಬೇನೆಯ ಮೊದಲ ಘಟ್ಟದಲ್ಲಿ ಹಸು ಮೇವು ಬಿಡುತ್ತದೆ, ಏಳುತ್ತದೆ, ಮಲಗುತ್ತದೆ, ಬಾಲವೆತ್ತಿ ಸ್ವಲ್ಪ ಸ್ವಲ್ಪವೇ ಗಂಜಲ ಹೊಯ್ಯುತ್ತದೆ, ತನ್ನ ಹೊಟ್ಟೆಯನ್ನು ತಾನೇ ತಿರುಗಿ ನೋಡುತ್ತದೆ. ಇದು 2ರಿಂದ 6 ಗಂಟೆ, ಚೊಚ್ಚಲಿಗೆ 12 ಗಂಟೆಯವರೆಗೂ ನಡೆಯಬಹುದು. ಈ ಹೊತ್ತಿನಲ್ಲಿ ನಮ್ಮ ಕೆಲಸ ದೂರದಿಂದ ನೋಡುವುದಷ್ಟೇ. ಅಕ್ಕಪಕ್ಕದವರೆಲ್ಲ ಬಂದು ಸುತ್ತ ನಿಂತು ಸಲಹೆ ಕೊಡತೊಡಗಿದರೆ ಹಸು ಗಾಬರಿಗೊಂಡು ಬೇನೆಯನ್ನೇ ತಡೆಹಿಡಿಯುತ್ತದೆ; ಬಂದವರಿಗೆ ಜಗುಲಿಯ ಮೇಲೆ ಕಾಫಿ ಕೊಟ್ಟು ಕೂರಿಸುವುದೂ ಬಾಣಂತನದ ಒಂದು ಭಾಗವೆಂದೇ ನಾನು ತಿಳಿದಿದ್ದೇನೆ. ಈ ಗುರುತುಗಳೆಲ್ಲ ಕಂಡು ಎಂಟು ಹತ್ತು ಗಂಟೆಯಾದರೂ (ಚೊಚ್ಚಲಿಗೆ 12 ಗಂಟೆ ದಾಟಿದರೂ) ನೀರಿನ ಚೀಲ ಕಾಣದಿದ್ದರೆ, ಅಥವಾ ಬೇನೆ ಬಂದು ಹಾಗೆಯೇ ತಣ್ಣಗಾಗಿಬಿಟ್ಟರೆ, ಗರ್ಭಕೋಶ ತಿರುಚಿಕೊಂಡಿರಬಹುದು. ಎಮ್ಮೆಗಳಲ್ಲಿ ಇದು ಹೆಚ್ಚು. ‘ಇವತ್ತಲ್ಲ, ನಾಳೆ ಈಯುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳದೆ ವೈದ್ಯರನ್ನು ಕರೆಸಬೇಕು.

ನೀರು ಒಡೆದ ಮೇಲೆ

ನೀರಿನ ಚೀಲ ಹೊರಗೆ ಕಂಡ ಕೂಡಲೇ ಗಂಟೆ ನೋಡಿ ಗೋಡೆಯ ಮೇಲೆ ಬರೆಯಿರಿ. ಈ ಪಾಠವನ್ನು ನಾವು ಕಲಿತದ್ದು ಒಂದು ಮೂರನೇ ಸೂಲಿನ ಹಸುವಿನಿಂದ. ಸಂಜೆ ಹಾಲು ಹಾಕಿ ಬಂದವರು ಅದು ತಿಣುಕುವುದನ್ನು ಕಂಡೆವು, ಊಟ ಮಾಡಿ ಬರುವಷ್ಟರಲ್ಲಿ ಈಯುತ್ತದೆಂದುಕೊಂಡೆವು, ಒಬ್ಬರನ್ನೊಬ್ಬರು ನಂಬಿ ಮಲಗಿದೆವು. ಬೆಳಗಿನ ಜಾವ ಬಂದ ವೈದ್ಯರು ಕೈ ತೊಳೆಯುತ್ತಲೇ ‘ನೀರು ಎಷ್ಟು ಹೊತ್ತಿಗೆ ಒಡೆಯಿತು?’ ಎಂದು ಕೇಳಿದರು. ಮನೆಯ ಐದು ಜನರಲ್ಲಿ ಐದು ಉತ್ತರ ಬಂದವು. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಿಚಿಕೊಂಡಿತ್ತು, ಅದು ಸತ್ತು ಕೆಲವು ಗಂಟೆಗಳಾಗಿದ್ದವು.

ಲೆಕ್ಕ ಹೀಗಿದೆ. ನೀರಿನ ಚೀಲ ಕಂಡ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ 2 ಗಂಟೆಯೊಳಗೆ ಕರು ಹೊರಬರುತ್ತದೆ, ಚೊಚ್ಚಲಿಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹಲವು ಸೂಲು ಕಂಡ ಹಸು 1 ಗಂಟೆ, ಕಡಸು 2 ಗಂಟೆ ತಿಣುಕಿದರೂ ಏನೂ ಮುಂದುವರಿಯದಿದ್ದರೆ ಫೋನ್ ಮಾಡಬೇಕು. ಗೊರಸು ಹೊರಗೆ ಕಂಡು ಅರ್ಧ ಗಂಟೆಯಾದರೂ ಅಲ್ಲೇ ನಿಂತಿದ್ದರೂ ಹಾಗೆಯೇ. ಒಂದೇ ಕಾಲು, ಬರೀ ತಲೆ ಅಥವಾ ಬರೀ ಬಾಲ ಕಂಡರೆ ಒಂದು ನಿಮಿಷವೂ ಕಾಯುವಂತಿಲ್ಲ.

ಸರಿಯಾಗಿ ಬರುವ ಕರುವಿನ ಎರಡು ಮುಂಗಾಲುಗಳ ಗೊರಸು ಮೊದಲು ಕಾಣುತ್ತವೆ, ಅಂಗಾಲು ನೆಲದ ಕಡೆಗಿರುತ್ತದೆ, ಮೊಣಕಾಲುಗಳ ಮೇಲೆ ಮೂತಿ ಒರಗಿರುತ್ತದೆ. ಅಂಗಾಲು ಆಕಾಶ ನೋಡುತ್ತಿದ್ದರೆ ಅವು ಹೆಚ್ಚಾಗಿ ಹಿಂಗಾಲುಗಳು. ಅನುಮಾನವಿದ್ದರೆ ಕೈಯನ್ನು ಮೊಳಕೈವರೆಗೆ ಸಾಬೂನು ಹಾಕಿ ತೊಳೆದು, ಕೈಗವಸು ಹಾಕಿ, ಪ್ಯಾರಾಫಿನ್ ಸವರಿಕೊಂಡು ಕಾಲಿನ ಮೇಲೆ ಬೆರಳು ಸರಿಸಿ ನೋಡಬಹುದು. ಗೊರಸಿನ ಮೇಲಿನ ಗೆಣ್ಣು ಮತ್ತು ಅದರ ಮೇಲಿನ ಕೀಲು ಎರಡೂ ಒಂದೇ ದಿಕ್ಕಿಗೆ ಮಡಿಚಿದರೆ ಮುಂಗಾಲು, ಒಂದಕ್ಕೊಂದು ಎದುರು ದಿಕ್ಕಿಗೆ ಮಡಿಚಿದರೆ ಹಿಂಗಾಲು. ಹಿಂಗಾಲು ಮುಂದಾಗಿ ಬರುವ ಕರುವೂ ಬದುಕುತ್ತದೆ, ಆದರೆ ಅದರ ಹೊಕ್ಕುಳ ಬಳ್ಳಿ ತಾಯಿಯ ಸೊಂಟದ ಮೂಳೆಗೆ ಒತ್ತಿ ಉಸಿರುಗಟ್ಟುವ ಕಾರಣ, ಸೊಂಟ ಹೊರಬಂದ ಮೇಲೆ ತಡಮಾಡುವಂತಿಲ್ಲ.

ಎಳೆಯುವ ವಿಷಯದಲ್ಲಿ ನಮ್ಮ ಜನಕ್ಕೆ ಅವಸರ ಹೆಚ್ಚು. ಎರಡೂ ಕಾಲು ಮತ್ತು ಮೂತಿ ಸರಿಯಾಗಿ ಬಂದು, ಹಸು ಸುಸ್ತಾಗಿದ್ದರೆ ಮಾತ್ರ ಕೈ ಕೊಡಬೇಕು. ಗೆಣ್ಣಿನ ಮೇಲೆ ಒಂದು ಕುಣಿಕೆ, ಕೆಳಗೆ ಇನ್ನೊಂದು ಸುತ್ತು ಹಾಕಿ, ಹಸು ತಿಣುಕಿದಾಗ ಎಳೆದು ಅದು ನಿಲ್ಲಿಸಿದಾಗ ನಿಲ್ಲಿಸಬೇಕು. ಒಂದು ಕಾಲನ್ನು ಸ್ವಲ್ಪ ಮುಂದೆ ತಂದು ಬಳಿಕ ಇನ್ನೊಂದನ್ನು ಎಳೆದರೆ ಹೆಗಲು ಓರೆಯಾಗಿ ಸುಲಭವಾಗಿ ನುಸುಳುತ್ತದೆ. ತಲೆ ಮತ್ತು ಎದೆ ಹೊರಬಂದ ಮೇಲೆ ಹಸುವಿನ ಹಿಂಗಾಲಿನ ಗೆಣ್ಣಿನ ಕಡೆಗೆ, ಅಂದರೆ ಕೆಳಕ್ಕೆ ಎಳೆಯಬೇಕು. ಇಬ್ಬರ ಬಲ ಸಾಕು. ಮೂರನೆಯವರನ್ನು ಕೂಗಬೇಕೆನ್ನಿಸಿದರೆ ಅದು ವೈದ್ಯರನ್ನು ಕೂಗುವ ಹೊತ್ತು. ಟ್ರ್ಯಾಕ್ಟರಿಗೋ ಬೈಕಿಗೋ ಹಗ್ಗ ಕಟ್ಟಿ ಎಳೆದ ಕಥೆಗಳನ್ನು ಊರಿನ ಕಟ್ಟೆಯಲ್ಲಿ ಶೌರ್ಯದಂತೆ ಹೇಳುವುದನ್ನು ಕೇಳಿದ್ದೇನೆ, ಆದರೆ ಆ ಹಸುಗಳು ಮತ್ತೆ ಗಬ್ಬ ಕಟ್ಟಿದವೇ ಎಂದು ಕೇಳಿದಾಗ ಕಥೆ ಅಲ್ಲಿಗೇ ನಿಲ್ಲುತ್ತದೆ.

ಕರು ನೆಲಕ್ಕೆ ಬಿದ್ದ ಕೂಡಲೇ

ಮೂಗು ಬಾಯಿಯ ಲೋಳೆಯನ್ನು ಬೆರಳಿನಿಂದ ತೆಗೆದು, ಕರುವನ್ನು ಎದೆಯ ಮೇಲೆ ಕೂರುವಂತೆ ಇರಿಸಬೇಕು. ಉಸಿರಾಡದಿದ್ದರೆ ಮೂಗಿನ ಹೊಳ್ಳೆಯಲ್ಲಿ ಒಂದು ಹುಲ್ಲುಕಡ್ಡಿ ಆಡಿಸಿ, ಕಿವಿಗೆ ತಣ್ಣೀರು ಹನಿಸಿ, ಗೋಣಿಚೀಲದಿಂದ ಎದೆಯನ್ನು ಜೋರಾಗಿ ಉಜ್ಜಬೇಕು. ಹಿಂಗಾಲು ಹಿಡಿದು ತಲೆಕೆಳಗಾಗಿ ಬಹಳ ಹೊತ್ತು ನೇತುಹಾಕುವುದರಿಂದ ಹೊಟ್ಟೆಯ ಭಾರ ಎದೆಗೆ ಒತ್ತಿ ಉಸಿರಾಟ ಇನ್ನೂ ಕಷ್ಟವಾಗುತ್ತದೆ. ಉಸಿರು ಬಂದ ಮೇಲೆ ಕರುವನ್ನು ತಾಯಿಯ ಮುಂದಿಟ್ಟುಬಿಡಿ. ಅವಳು ನೆಕ್ಕುವುದಕ್ಕಿಂತ ಒಳ್ಳೆಯ ಉಪಚಾರವನ್ನು ಯಾವ ಬಟ್ಟೆಯೂ ಮಾಡಲಾರದು.

ಹೊಕ್ಕುಳ ಬಳ್ಳಿ ತಾನಾಗಿ ಹರಿಯದಿದ್ದರೆ ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ದಾರ ಕಟ್ಟಿ ಕೆಳಗೆ ಕತ್ತರಿಸಿ, ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಎರಡು ಮೂರು ದಿನ ಇದನ್ನೇ ಮಾಡಬೇಕು. ಸಗಣಿ ಅಥವಾ ಒಲೆಯ ಬೂದಿ ಮೆತ್ತುವ ರೂಢಿ ಇನ್ನೂ ಇದೆ. ಎರಡು ವಾರದ ಮೇಲೆ ಕರುವಿನ ಮಂಡಿ ಊದಿ ಅದು ಕುಂಟತೊಡಗಿದಾಗ ಕಾಲಿಗೆ ಏಟು ಬಿದ್ದಿದೆ ಎಂದುಕೊಳ್ಳುವವರು ಹೆಚ್ಚು, ಆದರೆ ರೋಗ ಒಳಹೊಕ್ಕದ್ದು ಬಹಳ ಸಲ ಹೊಕ್ಕುಳಿನಿಂದ.

ಗಿಣ್ಣು ಮೊದಲು ಯಾರಿಗೆ

ಹಸು ಈದ ಸುದ್ದಿ ಬೀದಿಗೆ ಹರಡುವಷ್ಟರಲ್ಲಿ ಗಿಣ್ಣಿಗಾಗಿ ಪಾತ್ರೆಗಳು ಬರತೊಡಗುತ್ತವೆ. ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ನನಗೂ ಪ್ರಾಣ. ಆದರೆ ಅದು ಪಾತ್ರೆಯಲ್ಲಿ ಗಡ್ಡೆ ಕಟ್ಟುವುದು ಯಾವುದರಿಂದ ಎಂಬುದನ್ನು ಸ್ವಲ್ಪ ಯೋಚಿಸಬೇಕು. ಸಾಧಾರಣ ಹಾಲಿನಲ್ಲಿ ಇಲ್ಲದಷ್ಟು ಪ್ರಮಾಣದಲ್ಲಿ ಗಿಣ್ಣಿನಲ್ಲಿರುವ, ರೋಗಗಳನ್ನು ತಡೆಯುವ ಪ್ರೋಟೀನುಗಳೇ ಬಿಸಿಗೆ ಹೆಪ್ಪುಗಟ್ಟುತ್ತವೆ. ಹಸುವಿನ ಗರ್ಭದಲ್ಲಿ ತಾಯಿಯ ರಕ್ತದಿಂದ ಕರುವಿನ ರಕ್ತಕ್ಕೆ ಈ ಪ್ರೋಟೀನುಗಳು ದಾಟುವುದಿಲ್ಲ, ಆದ್ದರಿಂದ ಕರು ರೋಗಗಳೆದುರು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣಿನ ಮೂಲಕ ಅವುಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಅದರ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿದ್ದು, ಗಂಟೆ ಗಂಟೆಗೂ ಕುಗ್ಗುತ್ತಾ ಸುಮಾರು 24 ಗಂಟೆಗೆ ಮುಗಿದುಹೋಗುತ್ತದೆ.

ಹಾಗಾಗಿ ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ತೊಳೆದು, ಪ್ರತಿ ತೊಟ್ಟಿನಿಂದ ಮೊದಲೆರಡು ಧಾರೆ ಹೊರಗೆ ಚೆಲ್ಲಿ, ಹುಟ್ಟಿದ ಎರಡು ಗಂಟೆಯೊಳಗೆ ಕರುವಿಗೆ ಗಿಣ್ಣು ಕುಡಿಸಲೇಬೇಕು. ತೂಕದ ಹತ್ತರಲ್ಲೊಂದು ಪಾಲು ಎಂಬುದು ಮೊದಲ ದಿನದ ಅಳತೆ. 30 ಕಿಲೋ ಕರುವಿಗೆ ಕಡಿಮೆಯೆಂದರೂ 3 ಲೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಸಲವೇ ಹೊಟ್ಟೆ ಸೇರಬೇಕು. ಎದ್ದು ನಿಲ್ಲಲಾಗದ ಕರುವಿಗೆ ಗಿಣ್ಣನ್ನು ಹಿಂಡಿಕೊಂಡು, ನಿಪ್ಪಲ್ ಇರುವ ಬಾಟಲಿಯಲ್ಲಿ ನಿಧಾನವಾಗಿ ಕುಡಿಸಬೇಕು. ಬಾಯಿ ತೆರೆದು ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಸತ್ತೆ ಬೀಳುವವರೆಗೆ ಕರುವನ್ನು ಕುಡಿಯಲು ಬಿಡಬಾರದೆಂಬ ನಂಬಿಕೆ ಹಲವು ಊರುಗಳಲ್ಲಿದೆ. ನಮ್ಮ ರೂಢಿಗಳಲ್ಲಿ ಇದಕ್ಕಿಂತ ಹೆಚ್ಚು ಕರುಗಳನ್ನು ಕೊಂದದ್ದು ಇನ್ನೊಂದಿಲ್ಲವೆಂದೇ ನನ್ನ ಭಾವನೆ. ವಾಸ್ತವದಲ್ಲಿ ಕರು ತೊಟ್ಟು ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಸುರಿದು ಗರ್ಭಕೋಶ ಹಿಂಡಿಕೊಳ್ಳುತ್ತದೆ, ಅಂದರೆ ಸತ್ತೆ ಬೀಳುವುದಕ್ಕೂ ಅದರಿಂದ ನೆರವೇ ಆಗುತ್ತದೆ.

ಮಿಶ್ರತಳಿ ಹಸುವಿನಲ್ಲಿ ಕರು ಕುಡಿದು ಉಳಿಯುವಷ್ಟು ಗಿಣ್ಣು ಇರುತ್ತದೆ, ಎರಡನೇ ದಿನದಿಂದ ಮನೆಗೂ ನೆರೆಯವರಿಗೂ ಹಂಚಬಹುದು. ಮೊದಲ ಹಿಂಡಿನ ಒಂದೆರಡು ಲೀಟರನ್ನು ಫ್ರೀಜರಿನಲ್ಲಿಟ್ಟರೆ ಕೆಲವು ತಿಂಗಳು ಕೆಡುವುದಿಲ್ಲ, ಮುಂದೆ ತಾಯಿಯಿಲ್ಲದ ಅಥವಾ ಹಾಲಿಲ್ಲದ ಕರುವಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಕೊಡಬಹುದು. ಸಂಘಕ್ಕೆ ಮಾತ್ರ ಸುಮಾರು ಐದು ದಿನ ಈ ಹಾಲನ್ನು ಹಾಕಬಾರದು.

ಸತ್ತೆ

ಮಾಸು, ಕಸ, ಸತ್ತೆ ಎಂದು ಊರಿಗೊಂದು ಹೆಸರಿರುವ ಇದು 8ರಿಂದ 12 ಗಂಟೆಯೊಳಗೆ ತಾನಾಗಿ ಬೀಳುತ್ತದೆ. ಬಿದ್ದದ್ದನ್ನು ಹಸು ತಿನ್ನದಂತೆ ಕಾಯಬೇಕು. ಬಿದಿರಿನ ಸೊಪ್ಪು ತಿನ್ನಿಸಿದರೆ ಬೇಗ ಬೀಳುತ್ತದೆಂದು ಹಿರಿಯರು ಹೇಳುತ್ತಾರೆ, ಒಂದು ಹಿಡಿ ತಿನ್ನಿಸಿದರೆ ಕೇಡೇನೂ ಆಗದು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಕೇಡು ಮಾಡುವುದು ನೇತಾಡುವ ಸತ್ತೆಗೆ ಕಲ್ಲನ್ನೋ ಹಳೆಯ ಚಪ್ಪಲಿಯನ್ನೋ ಕಟ್ಟುವುದು ಮತ್ತು ಕೈ ಹಾಕಿ ಕೀಳುವುದು. ಗರ್ಭಕೋಶದ ಒಳಗೋಡೆಗೆ ಗುಂಡಿಗಳಂತೆ ಅಂಟಿಕೊಂಡಿರುವ ಅದನ್ನು ಎಳೆದರೆ ರಕ್ತ ಸುರಿಯುತ್ತದೆ, ಗರ್ಭಕೋಶವೇ ಹೊರಬರಲೂಬಹುದು. 12 ಗಂಟೆ ಕಳೆದರೆ ವೈದ್ಯರಿಗೆ ತಿಳಿಸಿ, ನೆಲಕ್ಕೆ ಎಳೆದಾಡುವ ಭಾಗವನ್ನಷ್ಟೇ ಮೇಲಕ್ಕೆ ಸುತ್ತಿ ಕಟ್ಟಿ, ದಿನಕ್ಕೆರಡು ಬಾರಿ ಜ್ವರ ನೋಡುತ್ತಿರಬೇಕು.

ಸತ್ತೆಯನ್ನು ಹುಲ್ಲಿನಲ್ಲಿ ಸುತ್ತಿ ಆಲದಂತಹ ಹಾಲು ಬರುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲು ಹೆಚ್ಚುತ್ತದೆಂಬ ನಂಬಿಕೆಯ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಬ್ರುಸೆಲ್ಲೋಸಿಸ್ (ಗರ್ಭಪಾತ ಮಾಡಿಸುವ ಅಂಟುರೋಗ) ಇರುವ ಹಸುವಿನ ಸತ್ತೆಯಲ್ಲಿ ರೋಗಾಣು ತುಂಬಿರುತ್ತದೆ, ಅದು ಮನುಷ್ಯರಿಗೂ ಅಂಟುತ್ತದೆ, ನಾಯಿಗಳು ಎಳೆದಾಡಿದರೆ ಊರೆಲ್ಲ ಹರಡುತ್ತದೆ. ಕೈಗವಸು ಹಾಕಿಕೊಂಡು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದೇ ಸರಿ. ಏಳೆಂಟು ತಿಂಗಳಿಗೆ ಕಂದು ಹಾಕಿದ ಹಸುವಿನ ವಿಷಯದಲ್ಲಂತೂ ಬರಿಗೈ ತಾಗಿಸಲೇಬಾರದು.

ಗರ್ಭಕೋಶ ಪೂರ್ತಿ ಹೊರಬಂದರೆ ಒಗೆದ ಒದ್ದೆ ಬಟ್ಟೆಯಲ್ಲಿ ಅದನ್ನು ಎತ್ತಿ ಹಿಡಿದು, ಹಸು ಅಲುಗಾಡದಂತೆ, ಕಾಗೆ ನಾಯಿ ಮುಟ್ಟದಂತೆ ವೈದ್ಯರು ಬರುವವರೆಗೆ ಕಾಯಬೇಕು. ಒಳಗೆ ನೂಕುವ ಕೆಲಸ ನಮ್ಮದಲ್ಲ.

ಹಾಲು ಜ್ವರ

ಹೆಸರಿನಲ್ಲಿ ಜ್ವರವಿದ್ದರೂ ಈ ಕಾಯಿಲೆಯಲ್ಲಿ ಮೈ ತಣ್ಣಗಾಗುತ್ತದೆ. ಹೆಚ್ಚು ಹಾಲು ಕೊಡುವ, ಮೂರನೇ ಸೂಲು ದಾಟಿದ ಹಸುಗಳಲ್ಲಿ ಈದ ಮೊದಲ ಎರಡು ಮೂರು ದಿನಗಳಲ್ಲಿ ರಕ್ತದ ಕ್ಯಾಲ್ಸಿಯಂ ಇಳಿದು ಇದು ಬರುತ್ತದೆ. ಮೊದಲು ಹಸು ತೂರಾಡುತ್ತದೆ, ಕಿವಿ ತಣ್ಣಗಾಗುತ್ತದೆ, ಮೂತಿ ಒಣಗುತ್ತದೆ. ಬಳಿಕ ಎದೆಯ ಮೇಲೆ ಕುಳಿತು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ನಿದ್ದೆಯಲ್ಲಿದ್ದಂತೆ ಕಾಣುತ್ತದೆ. ಹಸುವಿನ ಸಹಜ ಶಾಖ 101.5 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು, ಅದು 100ಕ್ಕಿಂತ ಕೆಳಗಿಳಿದು ಕಿವಿ ತಣ್ಣಗಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಕಣ್ಣೆದುರೇ ಹಸು ಎದ್ದು ನಿಲ್ಲುವುದುಂಟು. ಅದೇ ಬಾಟಲಿಯನ್ನು ನಾವೇ ಅವಸರದಲ್ಲಿ ಏರಿಸಿದರೆ ಹೃದಯ ನಿಲ್ಲುತ್ತದೆ. ಬಿದ್ದಿರುವ ಹಸುವಿನ ಬಾಯಿಗೆ ಗಂಜಿ, ಎಣ್ಣೆ, ಕಷಾಯ ಯಾವುದನ್ನೂ ಹೊಯ್ಯಬಾರದು, ಅದಕ್ಕೆ ಆಗ ನುಂಗುವ ಶಕ್ತಿಯಿರುವುದಿಲ್ಲ. ಹಿಂದಿನ ಸೂಲಿನಲ್ಲಿ ಹೀಗೆ ಬಿದ್ದಿದ್ದ ಹಸುವನ್ನು ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಬರಿದಾಗುವಂತೆ ಹಿಂಡದೆ, ಎದ್ದು ಓಡಾಡುತ್ತಿರುವಾಗಲೇ ಕ್ಯಾಲ್ಸಿಯಂ ಜೆಲ್ ಕೊಡುವುದು ನಮ್ಮ ಮನೆಯ ಪದ್ಧತಿ.

ಮುಂದಿನ ವಾರಗಳು

ಈದ ಹಸುವಿಗೆ ಬೆಲ್ಲ ಕದಡಿದ ಬೆಚ್ಚಗಿನ ನೀರು, ಬೂಸಾ ಅಥವಾ ರಾಗಿಯ ತೆಳು ಗಂಜಿ, ಒಳ್ಳೆಯ ಹುಲ್ಲು ಮೊದಲ ದಿನದ ಆಹಾರ. ಹಿಂಡಿಯನ್ನು ಒಮ್ಮೆಲೇ ಸುರಿಯದೆ ಎರಡು ವಾರದಲ್ಲಿ ಹಂತಹಂತವಾಗಿ ಏರಿಸಬೇಕು. ಎರಡು ವಾರದವರೆಗೆ ಕಂದುಗೆಂಪು ಕೊಳೆ ಸೋರುವುದು ಸಹಜ, ಅದು ನಾರಿದರೆ ಅಥವಾ ಜ್ವರ 103 ದಾಟಿದರೆ ಚಿಕಿತ್ಸೆ ಬೇಕು. ಚಿಕಿತ್ಸೆಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲು ಸಂಘದ ಕ್ಯಾನಿಗೆ ಹೋಗಕೂಡದು. ಕೆಲವು ವಾರಗಳ ಮೇಲೆ ಗಂಜಲ ಕಾಫಿ ಬಣ್ಣಕ್ಕೆ ತಿರುಗಿದರೆ, ಮುಖ್ಯವಾಗಿ ಎಮ್ಮೆಗಳಲ್ಲಿ, ರಂಜಕದ (ಫಾಸ್ಫರಸ್) ಕೊರತೆಯ ಅನುಮಾನ ಪಡಬೇಕು. ಎರಡು ತಿಂಗಳು ಕಳೆಯುವವರೆಗೆ ಬೆದೆಗೆ ಬಂದರೂ ಗರ್ಭಧಾರಣೆ ಮಾಡಿಸದೆ ಆ ದಿನಾಂಕವನ್ನು ಬರೆದಿಟ್ಟುಕೊಂಡರೆ ಸಾಕು.

ಕರುವಿಗೆ 10ರಿಂದ 15 ದಿನಕ್ಕೆ ಮೊದಲ ಜಂತು ಔಷಧಿ ಕೊಡಿಸಬೇಕು, ಏಕೆಂದರೆ ದುಂಡು ಜಂತು ತಾಯಿಯ ಹಾಲಿನ ಮೂಲಕವೇ ಕರುವಿನ ಹೊಟ್ಟೆ ಸೇರುತ್ತದೆ. ಎಮ್ಮೆಗರುಗಳಲ್ಲಿ ಇದರ ಕಾಟ ವಿಪರೀತ. ಗಂಡು ಹೆಣ್ಣು ಅವಳಿ ಹುಟ್ಟಿದರೆ ಹಿಗ್ಗುವ ಮುಂಚೆ ಒಂದು ಮಾತು ನೆನಪಿರಲಿ, ಆ ಹೆಣ್ಣುಗರು ಬಹುತೇಕ ಗೊಡ್ಡಾಗಿರುತ್ತದೆ. ಉಳಿದ ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ನಡುವೆ ಬ್ರುಸೆಲ್ಲೋಸಿಸ್ ಲಸಿಕೆಯನ್ನು ಜೀವನದಲ್ಲಿ ಒಮ್ಮೆ ಹಾಕಿಸಬೇಕು, ಆಗ ಕಿವಿಗೆ 12 ಅಂಕಿಗಳ ಗುರುತಿನ ಓಲೆ ಇಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಬೇಕು. ಆ ಸಂಖ್ಯೆಯನ್ನೂ ಲಸಿಕೆಯ ದಿನವನ್ನೂ ನಾವು ಗೋಡೆಯ ಮೇಲೆ ತಾಯಿಯ ಸಾಲಿನ ಕೆಳಗೇ ಬರೆಯುತ್ತೇವೆ, ಮತ್ತು ಸಂಕ್ರಾಂತಿಗೆ ಕೊಟ್ಟಿಗೆಗೆ ಸುಣ್ಣ ಬಳಿಯುವ ಮುಂಚೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇವೆ. ಒಂದು ವರ್ಷ ಅದನ್ನು ಮರೆತು ಮೂರು ಹಸುಗಳ ಲೆಕ್ಕವನ್ನೂ ಬಿಳಿ ಮಾಡಿಕೊಂಡಿದ್ದೆವು.